ಎರೆ ನೆಲದ ರಸ್ತೆ ಅಲೆಯಾಗಿ ಏಳುವುದೇಕೆ?

ಪ್ರಶ್ನೆ: ನಮ್ಮೂರಿನ ರಸ್ತೆಗೆ ಡಾಂಬರು ಹಾಕಿ ಎರಡು ವರ್ಷವಾಗಿದೆ. ಈಗಾಗಲೇ ಅದು ಅಲೆ ಅಲೆಯಾಗಿ ಎದ್ದು, ಅಂಚಿನುದ್ದಕ್ಕೂ ಬಿರುಕು ಬಿಟ್ಟಿದೆ. ಗಂಗಾವತಿ ದಾಟಿ ಆನೆಗೊಂದಿ ಕಡೆಗೆ ಹೋದರೆ ಮಸಾರಿ (ಕೆಂಪು ಮಣ್ಣಿನ) ನೆಲದ ರಸ್ತೆಗಳಿಗೆ ಈ ಗತಿ ಬಂದಿಲ್ಲ. ಡಾಂಬರು ಕಡಿಮೆ ಹಾಕಿದ್ದಾರೆಂದು ಊರವರೆಲ್ಲ ಹೇಳುತ್ತಾರೆ. ಇದು ನಿಜವೇ?
– ಸಿಂಧನೂರು ತಾಲ್ಲೂಕಿನ ಓದುಗರು

ಉತ್ತರ: ಡಾಂಬರು ಕಡಿಮೆ ಬಿದ್ದಿದ್ದರೆ ಸಾಮಾನ್ಯವಾಗಿ ಮೇಲಿನ ಕಡಿ ಕಿತ್ತು ಬರುತ್ತದೆ, ಗುಂಡಿ ಬೀಳುತ್ತದೆ. ತಾವು ಬರೆದಿರುವ ಅಲೆ ಮತ್ತು ಅಂಚಿನುದ್ದದ ಬಿರುಕು ಬೇರೆಯೇ ಕಾಯಿಲೆಯ ಲಕ್ಷಣ. ಅದರ ಮೂಲವಿರುವುದು ಡಾಂಬರಿನಲ್ಲಿ ಅಲ್ಲ, ಅದರ ಕೆಳಗಿರುವ ಎರೆ ಮಣ್ಣಿನಲ್ಲಿ.

ಹೊಲದಿಂದ ಒಂದು ಹಿಡಿ ಎರೆ ಮಣ್ಣು ತಂದು, ನೀರು ಹಾಕಿ ಕಲಸಿ ಉಂಡೆ ಕಟ್ಟಿ, ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟು ನೋಡಿ. ಒಣಗಿದಂತೆ ಅದು ಕುಗ್ಗಿ, ಕಲ್ಲಿನಂತೆ ಗಟ್ಟಿಯಾಗಿ, ಮೈತುಂಬ ಸೀಳು ಬಿಡುತ್ತದೆ. ಮತ್ತೆ ನೀರು ಚಿಮುಕಿಸಿದರೆ ಉಬ್ಬಿ ಮೆತ್ತಗಾಗುತ್ತದೆ. ಈ ಮಣ್ಣಿನಲ್ಲಿ ಹೆಚ್ಚಾಗಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿದ್ದು, ನೀರು ಆ ಪದರಗಳ ನಡುವೆ ಹೊಕ್ಕು ಅವುಗಳನ್ನು ದೂರ ತಳ್ಳುವುದೇ ಉಬ್ಬುವಿಕೆಗೆ ಕಾರಣ. ಮಸಾರಿ ಮಣ್ಣಿನ ಜೇಡಿ ಬಹುಪಾಲು ಬೇರೆ ಬಗೆಯದು, ಅದರ ಪದರಗಳೊಳಗೆ ನೀರು ಹೀಗೆ ನುಗ್ಗುವುದಿಲ್ಲ.

ಇನ್ನು ಬಿರುಕು ಅಂಚಿನಲ್ಲೇ ಏಕೆ ಬರುತ್ತದೆ? ರಸ್ತೆಯ ನಡುಭಾಗವನ್ನು ಡಾಂಬರು ಮುಚ್ಚಿರುವುದರಿಂದ ಅದರ ಅಡಿಯ ತೇವ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತದೆ, ಆದರೆ ಅಂಚಿನ ಮಣ್ಣು ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಒಣಗುತ್ತದೆ. ನಡು ನಿಂತಲ್ಲೇ ನಿಂತು ಅಂಚು ಮಾತ್ರ ಏರಿಳಿದರೆ ಎರಡರ ನಡುವೆ ಉದ್ದಕ್ಕೆ ಸೀಳದೆ ಗತಿಯಿಲ್ಲ. ಅಂಚಿಗೆ ಬಳ್ಳಾರಿ ಜಾಲಿ ಬೆಳೆದಿದ್ದರೆ ಅದರ ಬೇರು ತೇವವನ್ನು ಹೀರಿ ಸೀಳನ್ನು ಇನ್ನಷ್ಟು ಹಿಗ್ಗಿಸುತ್ತದೆ. ಸಿಂಧನೂರಿನಲ್ಲಿ ಇದರ ಜೊತೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ: ರಸ್ತೆಗೆ ಹೊಂದಿಕೊಂಡ ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ರಸ್ತೆಯ ಬುಡಕ್ಕೆ ಜಿನುಗುತ್ತಲೇ ಇರುತ್ತದೆ.

ರಸ್ತೆಯ ಮೊದಲ ಶತ್ರು ನೀರು ಎಂಬುದನ್ನು ಎರಡು ಶತಮಾನದ ಹಿಂದೆಯೇ ಒತ್ತಿ ಹೇಳಿದವರು ಸ್ಕಾಟ್ಲೆಂಡಿನ ಜಾನ್ ಮೆಕ್‌ಆಡಮ್ (1756–1836). ಭಾರವನ್ನು ನಿಜವಾಗಿ ಹೊರುವುದು ಕೆಳಗಿನ ನೆಲ, ಅದನ್ನು ಒಣಗಿದಂತೆ ಕಾಪಾಡಿದರೆ ಎಂಥ ಭಾರವನ್ನೂ ತಾಳುತ್ತದೆ ಎಂಬುದು ಅವರ ವಾದ. ರೋಮನ್ನರಂತೆ ದಪ್ಪ ಚಪ್ಪಡಿ ಹೂಳುವ ಬದಲು, ಒಡೆದ ಸಣ್ಣ ಕಡಿಯನ್ನು ಸುಮಾರು 25 ಸೆಂಟಿಮೀಟರ್ ದಪ್ಪಕ್ಕೆ ಹಾಸಿ, ನಡುವೆ ತುಸು ಉಬ್ಬು ಕೊಟ್ಟು, ನೀರು ಪಕ್ಕದ ಚರಂಡಿಗೆ ಹರಿಯುವಂತೆ ಅವರು ಮಾಡಿದರು. ಡಾಂಬರು ಈ ಕಡಿ ರಸ್ತೆಗೆ ಮುಂದೆ ಬಂದು ಸೇರಿದ ಹೊದಿಕೆಯಷ್ಟೆ.

ಭಾರದ ಮಾತನ್ನೂ ಮರೆಯುವಂತಿಲ್ಲ. ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ಪ್ರಯೋಗದಿಂದ ತಿಳಿದಂತೆ, ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು ಹದಿನಾರರಷ್ಟಾಗುತ್ತದೆ. ಸುಗ್ಗಿಯಲ್ಲಿ ರೈಸ್ ಮಿಲ್ಲಿಗೆ ಮಿತಿಮೀರಿ ಭತ್ತ ಹೇರಿಕೊಂಡು ಹೋಗುವ ಲಾರಿ, ನೆನೆದ ಎರೆಯ ಮೇಲೆ ಹಾಯ್ದರೆ ಏನಾದೀತೆಂದು ತಾವೇ ಊಹಿಸಬಹುದು.

ಪರಿಹಾರ ಇಲ್ಲದಿಲ್ಲ. ಎರೆಯನ್ನು ತಕ್ಕಷ್ಟು ಆಳಕ್ಕೆ ತೆಗೆದು ಗರಸು ತುಂಬಬಹುದು. ಗರಸು ದೂರವಿದ್ದರೆ ಎರೆಗೇ ಅದರ ತೂಕದ ಶೇಕಡಾ 3ರಿಂದ 5ರಷ್ಟು ಸುಣ್ಣ ಬೆರೆಸಿ, ನೀರು ಕೊಟ್ಟು ಹದಮಾಡಿ ರೋಲರ್ ಹೊಡೆಯಬಹುದು. ಸುಣ್ಣದ ಕ್ಯಾಲ್ಸಿಯಂ ಜೇಡಿಯ ಅಂಟನ್ನೂ ಉಬ್ಬುವ ಗುಣವನ್ನೂ ಕುಗ್ಗಿಸುತ್ತದೆ. ರಸ್ತೆಯನ್ನು ಗದ್ದೆಯ ನೀರಿನ ಮಟ್ಟಕ್ಕಿಂತ ಎತ್ತರಿಸುವುದು ಮತ್ತು ಅಂಚನ್ನೂ ನೀರಿಳಿಯದಂತೆ ಮುಚ್ಚುವುದು ಅಷ್ಟೇ ಮುಖ್ಯ. ಮುಂದಿನ ಬಾರಿ ಕೆಲಸಕ್ಕೆ ಅಂದಾಜುಪಟ್ಟಿ ಸಿದ್ಧವಾಗುವಾಗ, ಮಣ್ಣನ್ನು ನಾಲ್ಕು ದಿನ ನೀರಲ್ಲಿ ನೆನೆಸಿ ಅದರ ಭಾರ ಹೊರುವ ಶಕ್ತಿಯನ್ನು ಅಳೆಯುವ ಸಿಬಿಆರ್ ಪರೀಕ್ಷೆ ಆಗಿದೆಯೇ ಎಂದು ಪಂಚಾಯಿತಿಯ ಮೂಲಕ ದಯವಿಟ್ಟು ಕೇಳಿ. ಈ ಪರೀಕ್ಷೆಯಿಲ್ಲದೆ ಮತ್ತೊಂದು ಪದರ ಡಾಂಬರು ಹಾಕಿಸಿಕೊಂಡರೆ, ಅದೂ ಇದೇ ಅಲೆಯ ಮೇಲೆ ಕೂರುತ್ತದೆ.

ಪ್ರಶ್ನೆ: ರಸ್ತೆಬದಿ ಮರ ನೆಡಿಸಿದ್ದು ಅಶೋಕ ಎನ್ನುತ್ತಾರೆ. ನಮ್ಮ ಮಸ್ಕಿಯ ಶಾಸನದಲ್ಲಿ ಆ ಮಾತಿದೆಯೇ?
– ಲಿಂಗಸುಗೂರಿನ ಓದುಗರು

ಉತ್ತರ: ಇಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದ ಹಿರಿಮೆ ಅದರಲ್ಲಿ ಅಶೋಕನ ಹೆಸರೇ ಇರುವುದು. ದಾರಿಯಲ್ಲಿ ಆಲದ ಮರಗಳನ್ನು ನೆಡಿಸಿದ, ಬಾವಿ ತೋಡಿಸಿದ ಮಾತು ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿದೆ. ದನಕ್ಕೂ ಮನುಷ್ಯರಿಗೂ ನೆರಳಾಗಲಿ ಎಂಬ ಕಾರಣವನ್ನೂ ಅಲ್ಲಿಯೇ ಹೇಳಿದೆ. ರಾಯಚೂರಿನ ಬಿಸಿಲಿಗೆ ಆ ನೆರಳು ಬೇಕೇ ಬೇಕು. ಎರೆ ನೆಲದಲ್ಲಿ ನೆಡುವಾಗ ಮಾತ್ರ ಸಸಿಯನ್ನು ಡಾಂಬರಿನ ಅಂಚಿಗೆ ತಾಗಿಸದೆ, ಚರಂಡಿಯಾಚೆ ಸಾಕಷ್ಟು ದೂರ ಬಿಟ್ಟು ನೆಡಬೇಕು.