ಮೇಲಿನ ಮನೆಯವಳು ಮಾತಾಡಲ್ಲ, ಅತ್ತೆಗೆ ಸಿಟ್ಟು

ಪ್ರಶ್ನೆ: ಮಂಡ್ಯದಲ್ಲಿ ನಮ್ಮದು ಸ್ವಂತ ಮನೆ. ಮೇಲಿನ ಮನೆಯನ್ನು ಒಡಿಶಾದವರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಗಂಡ ರೈಸ್ ಮಿಲ್ಲಿನಲ್ಲಿದ್ದಾನೆ, ಅಷ್ಟೋ ಇಷ್ಟೋ ಕನ್ನಡ ಬರುತ್ತೆ. ಹೆಂಡತಿ ಏನು ಕೇಳಿದರೂ ತಲೆ ಆಡಿಸಿ ಒಳಗೆ ಹೋಗುತ್ತಾಳೆ. ಅತ್ತೆ 'ಎಷ್ಟು ಕೊಬ್ಬು ನೋಡು, ಖಾಲಿ ಮಾಡ್ಸು' ಅಂತಾರೆ. ಏಳು ವರ್ಷದ ಮಗಳು ಶಾಲೆಗೂ ಹೋಗುತ್ತಿಲ್ಲ. ನಾನು ಹಿಂದಿ ಕಲಿಯಬೇಕಾ, ಅವಳಿಗೆ ಕನ್ನಡ ಕಲಿ ಅನ್ನಬೇಕಾ?

ಉತ್ತರ: ಖಾಲಿ ಮಾಡಿಸುವ ಮಾತು ಬಿಡಿ. ಹಿಂದಿಯನ್ನೂ ಬಿಡಿ. ಅವರದು ಒಡಿಯಾ, ಲಿಪಿಯೂ ಬೇರೆ. ಆಕೆಗೆ ಹಿಂದಿಯೂ ನಿಮ್ಮಷ್ಟೇ ಹೊಸದಿರಬಹುದು. ಹೊರಗಿನವರು ಅಂದರೆ ಹಿಂದಿ ಅಂತ ನಾವೇ ಅಂದುಕೊಂಡು, ನಮಗೂ ಸರಿಯಾಗಿ ಬರದ ಹಿಂದಿಯಲ್ಲಿ ಜೋರಾಗಿ ಕೇಳಿ, ಅವರು ಸುಮ್ಮನೆ ನಿಂತರೆ ಕೊಬ್ಬು ಅನ್ನುತ್ತೇವೆ ಅಲ್ವಾ?

ಕನ್ನಡದಲ್ಲೇ ಮಾತಾಡಿ. ಆದರೆ 'ಕಲಿ' ಅಂತ ಹೇಳಬೇಡಿ, ಹೇಳಿದರೆ ಯಾರೂ ಕಲಿಯಲ್ಲ. ಗಂಡನ ಕಿವಿಗೆ ಮಿಲ್ಲಿನಲ್ಲಿ ದಿನವಿಡೀ ಕನ್ನಡ ಬೀಳುತ್ತೆ, ಇವಳ ಜೊತೆ ಮಾತಾಡೋಕೆ ಯಾರಿದ್ದಾರೆ? ತರಕಾರಿ ಗಾಡಿ ಬಂದಾಗ ಕರೆಯಿರಿ, ಸೊಪ್ಪು ಕೈಗೆ ಕೊಟ್ಟು ಹೆಸರು ಹೇಳಿ, ನಾಳೆಯೂ ಅದನ್ನೇ ಹೇಳಿ. ತಲೆ ಆಡಿಸಿದಳು ಅಂದರೆ ಅರ್ಥವಾಯಿತು ಅಂತಲ್ಲ. ಗ್ಯಾಸು, ಮೋಟಾರ್ ಸ್ವಿಚ್ಚಿನಂಥ ವಿಷಯವನ್ನು ಅವಳ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಿ.

ಅತ್ತೆಗೆ ಊಟದ ದಾರಿಯೇ ಸರಿ. ಒಡಿಶಾದಲ್ಲಿ ಅನ್ನಕ್ಕೆ ನೀರು ಹಾಕಿ ಹುಳಿ ಬರಿಸಿ 'ಪಖಾಳ' ಅಂತ ಉಣ್ಣುತ್ತಾರೆ, ನಮ್ಮ ತಂಗಳನ್ನದ ಥರವೇ. ಕೊರಾಪುಟ್ ಕಡೆಯವರಾದರೆ ರಾಗಿ ಅಂಬಲಿಯನ್ನೂ ಕುಡಿಯುತ್ತಾರೆ. ರಾಗಿ ತಿನ್ನೋರ ಮೇಲೆ ಮಂಡ್ಯದ ಅತ್ತೆಗೆ ಎಷ್ಟು ದಿನ ಸಿಟ್ಟಿದ್ದೀತು?

ನನಗೆ ಜಾಸ್ತಿ ಚಿಂತೆ ಆಗಿದ್ದು ಮಗುವಿನದು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಎಲ್ಲ ಮಕ್ಕಳೂ ಬರುತ್ತಾರೆ. ಜನನ ಪ್ರಮಾಣಪತ್ರ ಇಲ್ಲ, ಟಿ.ಸಿ. ಇಲ್ಲ, ವರ್ಷದ ಮಧ್ಯೆ ಬಂದಿದ್ದೀರಿ ಅಂತ ಶಾಲೆಯವರು ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹತ್ತಿರದ ಸರ್ಕಾರಿ ಶಾಲೆಗೆ ಈ ವಾರವೇ ತಂದೆ ತಾಯಿ ಜೊತೆ ನೀವೂ ಹೋಗಿ, ಮೇಷ್ಟ್ರ ಹತ್ತಿರ ಅವರ ಪರವಾಗಿ ಮಾತಾಡಲು ಒಬ್ಬರು ಬೇಕು.

ಮಗು ಬೇಗ ಕನ್ನಡ ಕಲಿಯುತ್ತೆ, ಆಮೇಲೆ ಎಲ್ಲದಕ್ಕೂ ಅದನ್ನೇ ಕರೆಯುತ್ತಾರೆ. ಅಂಗಡಿಗಾದರೆ ಸರಿ, ಆಸ್ಪತ್ರೆಗೆ ಮಾತ್ರ ಬೇಡ. ತಾಯಿಯ ಮುಟ್ಟಿನ ತೊಂದರೆಯನ್ನು ಆ ಕೂಸು ಡಾಕ್ಟರಿಗೆ ಹೇಗೆ ಹೇಳೀತು? ಗಂಡ ರಜೆ ಹಾಕಿ ಬರಲಿ, ಆಗದಿದ್ದರೆ ಡಾಕ್ಟರ ಎದುರೇ ಅವನಿಗೆ ಫೋನ್ ಮಾಡಿ ಮಾತಾಡಿಸಿ.