ಸಂಪರ್ಕದ ಮಿತಿಯನ್ನು ಲಾಗಿನ್ ಸ್ಕ್ರಿಪ್ಟ್‌ಗೆ ವಹಿಸಬೇಡಿ

ಪಾಸ್‌ವರ್ಡನ್ನು ತಾನೇ ಕೊಟ್ಟು ಅಪ್ಲಿಕೇಶನ್ ಸರ್ವರ್‌ಗೆ ಲಾಗಿನ್ ಆಗಿ, ಒಳಗೆ ಎಷ್ಟು ಮಂದಿ ಇದ್ದಾರೆಂದು ಎಣಿಸಿ, ಮಿತಿ ಮೀರಿದರೆ ಹೊಸಬರನ್ನು ತಡೆಯುವ ಸ್ಕ್ರಿಪ್ಟ್ ಹೇಗೆ ಬರೆಯುವುದೆಂದು ಕೇಳಿದ್ದೀರಿ. ಅಂಥದ್ದನ್ನೇ ನಾನು ಎಕ್ಸ್‌ಪೆಕ್ಟ್‌ನಲ್ಲಿ (ಪರದೆಯಲ್ಲಿ ಬರುವ ಪ್ರಶ್ನೆಗೆ ಕಾದು ತಾನೇ ಉತ್ತರ ಟೈಪಿಸುವ ಸಾಧನ) ಬರೆದಿದ್ದೆ. ಬಹಳ ಕಾಲ ಸರಿಯಾಗಿ ನಡೆದ ಆ ಸ್ಕ್ರಿಪ್ಟ್ ಒಂದು ಬೆಳಿಗ್ಗೆ ಇಡೀ ವಿಭಾಗವನ್ನೇ ಹೊರಗೆ ನಿಲ್ಲಿಸಿತು.

ಪಾಸ್‌ವರ್ಡ್ ಪ್ರಾಂಪ್ಟ್‌ಗೆ (ಪಾಸ್‌ವರ್ಡ್ ಕೇಳುವ ಸಾಲಿಗೆ) ಕಾಯುವುದು, ಪಾಸ್‌ವರ್ಡ್ ಕಳುಹಿಸುವುದು, ಕಮಾಂಡ್ ಪಡೆಯಲು ಸಿದ್ಧವೆಂದು ಸರ್ವರ್ ತೋರಿಸುವ ಶೆಲ್ ಪ್ರಾಂಪ್ಟ್‌ಗೆ ಕಾಯುವುದು, ಅಪ್ಲಿಕೇಶನ್ ಆರಂಭಿಸುವ ಕಮಾಂಡ್ ಕಳುಹಿಸುವುದು: ಸ್ಕ್ರಿಪ್ಟ್ ಇಷ್ಟೇ. ಆದರೆ ಎಕ್ಸ್‌ಪೆಕ್ಟ್ ತಾನಾಗಿ ಕಾಯುವುದು 10 ಸೆಕೆಂಡು ಮಾತ್ರ. ಅಷ್ಟರಲ್ಲಿ ಪ್ರಾಂಪ್ಟ್ ಬಾರದೆ, ಟೈಮ್‌ಔಟ್ ಆದರೆ ಏನು ಮಾಡಬೇಕೆಂದು ನೀವೂ ಬರೆದಿರದಿದ್ದರೆ, ಅದು ದೋಷವನ್ನೇನೂ ತೋರಿಸದೆ ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಟೈಮ್‌ಔಟ್‌ಗೆ ನಾನು ಏನನ್ನೂ ಬರೆದಿರಲಿಲ್ಲ. ಅಂದು ಡಿಎನ್‌ಎಸ್ (ಕಂಪ್ಯೂಟರ್ ಹೆಸರಿಗೂ ವಿಳಾಸಕ್ಕೂ ಹೊಂದಿಸುವ ವ್ಯವಸ್ಥೆ) ನಿಧಾನವಾಗಿದ್ದುದರಿಂದ ಪಾಸ್‌ವರ್ಡ್ ಪ್ರಾಂಪ್ಟ್ ತಡವಾಗಿ ಬಂತು. ಸ್ಕ್ರಿಪ್ಟ್ ಅದಕ್ಕೂ ಮೊದಲೇ ಪಾಸ್‌ವರ್ಡ್ ಕಳುಹಿಸಿತ್ತು. ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಕ್ಲೈಂಟ್ ಪಾಸ್‌ವರ್ಡ್ ಕೇಳುವಾಗ ಅಲ್ಲಿಯವರೆಗೆ ಟೈಪಾಗಿ ಕಾದಿರುವುದನ್ನೆಲ್ಲ ಎಸೆದುಬಿಡುತ್ತದೆ, ಹಾಗಾಗಿ ನಿಜವಾದ ಪಾಸ್‌ವರ್ಡ್ ಅಲ್ಲಿಗೇ ಕಳೆದುಹೋಯಿತು. ಮತ್ತೆ 10 ಸೆಕೆಂಡು ಕಾದು ಸ್ಕ್ರಿಪ್ಟ್ ಕಳುಹಿಸಿದ ಕಮಾಂಡನ್ನೇ ಎಸ್‌ಎಸ್‌ಎಚ್ ಪಾಸ್‌ವರ್ಡ್ ಎಂದು ತೆಗೆದುಕೊಂಡಿತು. ಲಾಗ್‌ನಲ್ಲಿ ಕಂಡದ್ದು 'ತಪ್ಪು ಪಾಸ್‌ವರ್ಡ್' ಎಂಬುದಷ್ಟೇ. ಖಾಲಿ ಪರದೆ ನೋಡಿದವರು ಮತ್ತೆ ಮತ್ತೆ ಕ್ಲಿಕ್ ಮಾಡಿದರು. ಎಲ್ಲರೂ ಹೋಗುತ್ತಿದ್ದುದು ಒಂದೇ ಖಾತೆಯಿಂದ. ತಪ್ಪು ಪಾಸ್‌ವರ್ಡ್‌ಗಳನ್ನು ಎಣಿಸಿ ಖಾತೆ ಮುಚ್ಚುವ ಪ್ಯಾಮ್ ಫೇಲ್‌ಲಾಕ್‌ನ ಮೂಲ ಸೆಟ್ಟಿಂಗ್ ಪ್ರಕಾರ 15 ನಿಮಿಷದೊಳಗೆ 3 ಬಾರಿ ತಪ್ಪಿದರೆ ಖಾತೆ 10 ನಿಮಿಷ ಲಾಕ್ ಆಗುತ್ತದೆ; ನಮ್ಮದು ತೆರೆದುಕೊಂಡ ಕೂಡಲೇ ಮತ್ತೆ ಲಾಕ್ ಆಗುತ್ತಿತ್ತು.

ಎಕ್ಸ್‌ಪೆಕ್ಟ್ ಬಿಟ್ಟರೆ ಬೇರೆ ದಾರಿಯೇ ಇಲ್ಲವೆಂದಾದರೆ, ಆರಂಭದಲ್ಲೇ ಎಕ್ಸ್‌ಪೆಕ್ಟ್‌_ಬಿಫೋರ್ ಬಳಸಿ (ಮುಂದಿನ ಪ್ರತಿಯೊಂದು ಕಾಯುವಿಕೆಗೂ ಅನ್ವಯಿಸುವ ಕಮಾಂಡ್) ಟೈಮ್‌ಔಟ್ ಮತ್ತು ಇಒಎಫ್ (ಆ ಕಡೆಯಿಂದ ಸಂಪರ್ಕ ಮುಗಿದುಹೋಗುವುದು) ಎರಡಕ್ಕೂ ಸ್ಕ್ರಿಪ್ಟ್ ನಿಲ್ಲುವಂತೆ ಮಾಡಿ. ತಾನಾಗಿ ಮರುಪ್ರಯತ್ನ ಮಾಡುವ ಲೂಪ್ ಖಂಡಿತ ಬೇಡ.

ಆದರೆ ಮಿತಿಯನ್ನು ಈ ಸ್ಕ್ರಿಪ್ಟ್‌ನಲ್ಲಿ ಇಡಬೇಕೆಂಬ ನಿಮ್ಮ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ಲಾಗಿನ್ ಆಗಿರುವವರನ್ನು ಪಟ್ಟಿ ಮಾಡುವ 'ಹೂ' (who) ಕಮಾಂಡ್‌ನ ಸಾಲುಗಳನ್ನು ಎಣಿಸಿದರೆ ಟರ್ಮಿನಲ್ (ಟೈಪಿಸಿ ಉತ್ತರ ನೋಡುವ ಪರದೆ) ಇಲ್ಲದ ಎಸ್‌ಎಸ್‌ಎಚ್ ಸಂಪರ್ಕಗಳು ಲೆಕ್ಕಕ್ಕೆ ಸಿಗುವುದಿಲ್ಲ. ಇಬ್ಬರು ಒಟ್ಟಿಗೆ ಬಂದರೆ ಉಳಿದಿರುವ ಒಂದೇ ಜಾಗ ಇಬ್ಬರಿಗೂ ಖಾಲಿ ಕಾಣುತ್ತದೆ. ಸ್ಕ್ರಿಪ್ಟ್ ಬಿಟ್ಟು ನೇರವಾಗಿ ಲಾಗಿನ್ ಆಗುವವರನ್ನು ತಡೆಯುವವರೇ ಇಲ್ಲ. ಸಂಪರ್ಕವನ್ನು ಒಪ್ಪಿಕೊಳ್ಳುವ ಸರ್ವರ್‌ನಲ್ಲೇ ಮಿತಿಯೂ ಇರಬೇಕು. ನಾವು ಪಾಸ್‌ವರ್ಡನ್ನೇ ತೆಗೆದು, ಪ್ರತಿಯೊಬ್ಬರಿಗೂ ಪ್ರತ್ಯೇಕ ಕೀ (ಪಾಸ್‌ವರ್ಡ್ ಬದಲು ಗುರುತು ತೋರಿಸುವ ಕಡತ) ಕೊಟ್ಟು, ಆ ಕೀಯಿಂದ ಬಂದವರಿಗೆ ಒಂದೇ ಕಮಾಂಡ್ ನಡೆಯುವಂತೆ, ಒಪ್ಪಿದ ಕೀಗಳ ಪಟ್ಟಿಯಾದ ಆಥರೈಸ್ಡ್_ಕೀಸ್ ಕಡತದಲ್ಲಿ ಕಟ್ಟಿಹಾಕಿದೆವು. ಆ ಕಮಾಂಡ್ ಮೊದಲು ಮಿತಿಯಷ್ಟೇ ಸಂಖ್ಯೆಯ ಲಾಕ್ ಕಡತಗಳಲ್ಲಿ ಒಂದನ್ನು 'ಎಫ್‌ಲಾಕ್' (ಒಂದು ಕಡತವನ್ನು ಒಮ್ಮೆಗೆ ಒಬ್ಬರೇ ಹಿಡಿಯುವಂತೆ ಮಾಡುವ ಕಮಾಂಡ್) ಮೂಲಕ ಹಿಡಿಯುತ್ತದೆ, ಯಾವುದೂ ಸಿಗದಿದ್ದರೆ ಬಳಕೆದಾರರಿಗೆ ಕಾರಣ ತಿಳಿಸಿ ನಿಲ್ಲುತ್ತದೆ. ಲಾಕ್ ಹಿಡಿದ ಪ್ರಕ್ರಿಯೆ ಸತ್ತರೂ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಲಾಕನ್ನು ಬಿಡಿಸುವುದರಿಂದ, ಎಣಿಕೆಯನ್ನು ಕಡತದಲ್ಲಿ ಬರೆದಿಟ್ಟಾಗ ಹಳೆಯ ಸಂಖ್ಯೆ ಉಳಿದುಹೋಗುವಂಥ ಕಾಟ ಇಲ್ಲಿಲ್ಲ.

ಎಸ್‌ಎಸ್‌ಎಚ್‌ನ ಮ್ಯಾಕ್ಸ್‌ಸೆಷನ್ಸ್ ಎಂಬ ಸೆಟ್ಟಿಂಗ್ ಈ ಕೆಲಸ ಮಾಡುವುದಿಲ್ಲ. ಅದು ಒಂದು ಸಂಪರ್ಕದೊಳಗಿನ ಸೆಷನ್‌ಗಳಿಗೆ ಮಿತಿ ಹಾಕುತ್ತದೆಯೇ ಹೊರತು ಒಟ್ಟು ಸಂಪರ್ಕಗಳಿಗಲ್ಲ. ಆಥರೈಸ್ಡ್_ಕೀಸ್ ಕಡತದ ಕೀ ಸಾಲಿನಲ್ಲಿ 'ರಿಸ್ಟ್ರಿಕ್ಟ್' (ಹೆಚ್ಚುವರಿ ಸೌಲಭ್ಯಗಳನ್ನು ಮುಚ್ಚುವ ಪದ) ಸೇರಿಸಿದರೆ ಟರ್ಮಿನಲ್ ಕೂಡ ಸಿಗುವುದಿಲ್ಲ. ನಿಮ್ಮ ಅಪ್ಲಿಕೇಶನ್‌ಗೆ ಟರ್ಮಿನಲ್ ಬೇಕಿದ್ದರೆ ಅದರ ಜೊತೆಗೆ, ಟರ್ಮಿನಲ್ ಕೊಡಲು ಹೇಳುವ 'ಪಿಟಿವೈ' (pty) ಎಂದೂ ಬರೆಯಿರಿ.