ಬೇರೆ ಬೇರೆ ಸಭೆಗಳ (ಚರ್ಚ್ ಪಂಗಡಗಳ) ಕ್ರೈಸ್ತರು ಒಂದಾಗಿ ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ಸಾರಲು ನಿಜಕ್ಕೂ ಸಾಧ್ಯವೇ?

ಸಾಧ್ಯ. ನಮ್ಮ ದಕ್ಷಿಣ ಭಾರತದಲ್ಲೇ ಆಗಿದೆ.

1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ವಿವಿಧ ಸಭೆಗಳ ಪಾದ್ರಿಗಳು ಸೇರಿದರು, ಹೆಚ್ಚಿನವರು ಭಾರತೀಯರೇ. ಸಭೆಗಳ ನಡುವಿನ ಈ ಒಡಕು ನಾವು ಮಾಡಿಕೊಂಡದ್ದಲ್ಲ, ಹೊರಗಿನಿಂದ ನಮ್ಮ ಮೇಲೆ ಬಂದದ್ದು, ಇದರಿಂದ ಸುವಾರ್ತೆಯ ಕೆಲಸವೇ ಸೊರಗುತ್ತಿದೆ ಎಂದರು. ಮುಂಚೂಣಿಯಲ್ಲಿದ್ದವರು ಈಗಿನ ತೆಲಂಗಾಣದ ದೋರ್ನಕಲ್ಲಿನ ಆಂಗ್ಲಿಕನ್ ಬಿಷಪ್ (ಸಭೆಗಳ ಮೇಲ್ವಿಚಾರಕ) ಅಜರಯ್ಯ. ಯೇಸುಸ್ವಾಮಿ ತನ್ನ ಶಿಷ್ಯರು ಒಂದಾಗಿರಲಿ ಎಂದು ಪ್ರಾರ್ಥಿಸಿದ್ದೂ ಲೋಕ ನಂಬಲಿ ಎಂದೇ ಅಲ್ಲವೇ (ಯೋಹಾನ 17:21)?

ಮಾತುಕತೆ 28 ವರ್ಷ ಹಿಡಿಯಿತು. ಬಿಷಪ್ಪರು ಬೇಕೇ ಬೇಡವೇ, ಬಿಷಪ್ಪರಿಂದ ದೀಕ್ಷೆ ಪಡೆಯದ ಪಾದ್ರಿಗಳಿಗೆ ಮತ್ತೆ ದೀಕ್ಷೆ ಕೊಡಬೇಕೇ ಎಂಬುದೇ ದೊಡ್ಡ ತೊಡಕು. ಕೊನೆಗೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳವರು ಸೇರಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಒಂದೇ ಸಭೆ ಆಯಿತು. ಅಜರಯ್ಯನವರು ಅದನ್ನು ನೋಡಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು. ನೆನೆದರೆ ಸಂಕಟವಾಗುತ್ತದೆ.

ಪಾದ್ರಿಗಳಾಗುವವರು ಒಟ್ಟಿಗೆ ಕಲಿಯುವುದು ಇನ್ನೂ ಮೊದಲೇ ಶುರುವಾಗಿತ್ತು: ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜನ್ನು ಹಲವು ಮಿಷನ್‌ಗಳು ಸೇರಿ ಕಟ್ಟಿದ್ದು 1910ರಲ್ಲಿ.

ಸಿ.ಎಸ್.ಐ. ಆರಾಧನೆಯಲ್ಲಿ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ಮುಂಚೆ ಒಬ್ಬರಿಗೊಬ್ಬರು ಸಮಾಧಾನ ಹಂಚುವುದನ್ನು ಒಮ್ಮೆ ನೋಡಿ. ಬಲಗೈಗೆ ಬಲಗೈ ಕೊಟ್ಟು, ಮೇಲೆ ಎಡಗೈ ಮುಚ್ಚಿ, ಪಕ್ಕದವರಿಗೆ ದಾಟಿಸುತ್ತಾರೆ.